ಎಕ್ಸ್‌ಪ್ರೆಸ್ ನಿಲ್ಲಿಸಿದ ಗುಮಾಸ್ತರು

ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತರ ಮಾತನ್ನು ಈ ಲೋಕದಲ್ಲಿ ಯಾರೂ ಕೇಳುತ್ತಿರಲಿಲ್ಲ. ಕಚೇರಿಯಲ್ಲಿ ಸಾಹೇಬರು ಕೇಳುತ್ತಿರಲಿಲ್ಲ. ಮನೆಯಲ್ಲಿ ಮಡದಿ ಕೇಳುತ್ತಿರಲಿಲ್ಲ. ದೂರು ಹೇಳಲು ಬಂದವರಂತೂ ಹೇಳಲು ಬಂದವರೇ ಹೊರತು ಕೇಳಲು ಬಂದವರಲ್ಲ. ಹೀಗಿರುವಾಗ, ಹೇಳಿದ ಮಾತನ್ನು ಚಾಚೂ ತಪ್ಪದೆ ಕೇಳುವ ರೈಲೊಂದು ಅಂಗಡಿಯಲ್ಲಿ ಸಿಗುತ್ತದೆ ಎಂದು ತಿಳಿದಾಗ ಆ ಮನುಷ್ಯ ಮರುಳಾದದ್ದರಲ್ಲಿ ಆಶ್ಚರ್ಯವೇನಿದೆ?

ರೈಲೆಂದರೆ ಆಟದ ರೈಲು. ಆದರೆ ಆ ಮಾತನ್ನು ಗುಮಾಸ್ತರ ಎದುರು ಆಡುವ ಹಾಗಿರಲಿಲ್ಲ. 'ಮಾದರಿ ರೈಲು' ಎನ್ನಬೇಕಿತ್ತು. ಮಹಡಿಯ ಕೋಣೆಯಲ್ಲಿ, ಹಳೆಯ ಎರಡು ಬಾಗಿಲುಗಳನ್ನು ಜೋಡಿಸಿ ಮಾಡಿದ ಮೇಜಿನ ಮೇಲೆ ಹಳಿ ಹಾಸಿತ್ತು. ಒಂದು ಸುರಂಗ, ಒಂದು ಸೇತುವೆ, ಒಂದು ಸ್ಟೇಷನ್ನು, ಸ್ಟೇಷನ್ನಿನಲ್ಲಿ ಬೆರಳಿನ ಗೆಣ್ಣಿನಷ್ಟು ಎತ್ತರದ ಪ್ರಯಾಣಿಕರು. ಇಂಜಿನ್ನಿನ ಹೊಟ್ಟೆಯೊಳಗೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ಡಿಕೋಡರ್ ಎಂಬ ಚೂರು. ಕೈಯಲ್ಲಿ ಹಿಡಿದ ಕಂಟ್ರೋಲರಿನ ಗುಂಡಿ ತಿರುಗಿಸಿದರೆ ಅಪ್ಪಣೆ ಕರೆಂಟಿನ ಜೊತೆಗೇ ಹಳಿಯಲ್ಲಿ ಹರಿದು ಹೋಗಿ ಡಿಕೋಡರಿನ ಕಿವಿಗೆ ಬೀಳುತ್ತದೆ. ಅದು ಇಂಜಿನ್ನಿಗೆ 'ಹೊರಡು', 'ನಿಲ್ಲು' ಎನ್ನುತ್ತದೆ. ಎಷ್ಟು ಮೆಲ್ಲಗೆ ಹೊರಡಬೇಕು, ನಿಲ್ಲಲು ಎಷ್ಟು ಹೊತ್ತು ತೆಗೆದುಕೊಳ್ಳಬೇಕು ಎಂಬುದನ್ನೆಲ್ಲ ಒಂದೊಂದು ಸಂಖ್ಯೆಯಾಗಿ ಅದರೊಳಗೆ ತುಂಬಿಸಿಡಬಹುದು. ಮಡದಿಯೊಳಗೆ, ಸಾಹೇಬರೊಳಗೆ ಹಾಗೆ ಏನನ್ನೂ ತುಂಬಿಸಿಡಲು ಬರುವುದಿಲ್ಲ ಎಂಬ ವ್ಯತ್ಯಾಸವನ್ನು ಗುಮಾಸ್ತರು ಮನಸ್ಸಿನಲ್ಲೇ ಗುರುತಿಸಿಕೊಂಡಿದ್ದರು.

ಆದರೆ ಇಂಜಿನ್ ಬಿಕ್ಕಳಿಸುತ್ತಿತ್ತು. ಹೊರಟರೆ ಜಗ್ಗಿ ಹೊರಡುವುದು, ಸೇತುವೆ ದಾಟಿದರೆ ಗಕ್ಕನೆ ನಿಲ್ಲುವುದು, ಮತ್ತೆ ಬೆನ್ನಿಗೆ ಗುದ್ದು ಬಿದ್ದವರಂತೆ ಹಾರುವುದು. ಗುಮಾಸ್ತರು ಡಿಕೋಡರಿನ ಸಂಖ್ಯೆಗಳನ್ನು ಏರಿಸಿದರು, ಇಳಿಸಿದರು. ಮಡದಿಯ ಉಗುರು ಬಣ್ಣ ಒರೆಸುವ ದ್ರವವನ್ನೆಲ್ಲ ತಂದು ಹಳಿ ಒರೆಸಿದರು. ಬಿಕ್ಕಳಿಕೆ ಹೋಗಲಿಲ್ಲ. ದ್ರವ ಹೋಯಿತು; ಅದರ ಜೊತೆಗೆ ಮನೆಯ ನೆಮ್ಮದಿಯೂ ಸ್ವಲ್ಪ ಹೋಯಿತು.

ಕೊನೆಗೊಂದು ಸಂಜೆ ಅಂಗಡಿಯವನು ಫೋನಿನಲ್ಲಿ ಹೇಳಿದ ಉಪಾಯದಂತೆ ಏನೇನೋ ಬದಲಾಯಿಸಿದ ಮೇಲೆ ಇಂಜಿನ್ ಒಂದು ಸುತ್ತು ಬಿಕ್ಕಳಿಸದೆ ಬಂದು ಸ್ಟೇಷನ್ನಿನಲ್ಲಿ ತಾನಾಗಿ ನಿಂತಿತು. ಒಂದೇ ಸುತ್ತು. ಅಷ್ಟು ಸಾಕಾಯಿತು. ಗುಮಾಸ್ತರು ಫೋನು ಹಿಡಿದು ಬಾಲ್ಕನಿಗೆ ಓಡಿಬಂದು ಅಂಗಡಿಯವನಿಗೆ ಕೂಗಿ ಹೇಳಿದರು.

"ಹೂಂ ರೀ, ನಮ್ಮ ಎಕ್ಸ್‌ಪ್ರೆಸ್ಸಿನ ವಿಷಯವೇ! ಇನ್ನು ಮೇಲೆ ನಮ್ಮ ಸ್ಟೇಷನ್ನಲ್ಲಿ ನಿಂತೇ ಹೋಗುತ್ತೆ. ಭಾನುವಾರದ ಹೊತ್ತಿಗೆ ಎಲ್ಲ ಪಕ್ಕಾ. ನಾನೇ ಆರ್ಡರ್ ಕೊಟ್ಟಿದೀನಿ, ಕೇಳದೆ ಎಲ್ಲಿ ಹೋಗುತ್ತೆ!"

ಪಕ್ಕದ ಮನೆಯ ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಹೆಡ್‌ಮಿಸ್ಸಿನ ಕೈ ನಿಂತಿತು. ನೀರು ನಿಲ್ಲಲಿಲ್ಲ, ಕುಂಡ ತುಂಬಿ ಅವರ ಕಾಲ ಮೇಲೆ ಹರಿಯಿತು.

ಹೆಡ್‌ಮಿಸ್ ಎಂದರೆ ಇಡೀ ಬೀದಿಗೆ ಭಯ. ಶಾಲೆಯಿಂದ ನಿವೃತ್ತರಾಗಿದ್ದರೂ ಶಿಕ್ಷೆ ಕೊಡುವುದರಿಂದ ನಿವೃತ್ತರಾಗಿರಲಿಲ್ಲ. ಅವರಿಗಿದ್ದ ಒಂದೇ ನೋವು, ಈ ಊರನ್ನು ಹಾದು ಹೋಗುವ ರೈಲು ಹಳಿಯ ಮೇಲಿನ ದೂರದ ಊರಿನಲ್ಲಿದ್ದ ಅಕ್ಕ. ಅಕ್ಕನಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು, ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಮಧ್ಯಾಹ್ನದ ಎಕ್ಸ್‌ಪ್ರೆಸ್ ಅಕ್ಕನ ಊರಿನಿಂದ ನೇರ ಬರುತ್ತಿತ್ತು. ಆದರೆ ಈ ಊರಿನ ಪುಟ್ಟ ಸ್ಟೇಷನ್ನಿನಲ್ಲಿ ನಿಲ್ಲದೆ ಧೂಳೆಬ್ಬಿಸಿ ಹೋಗುತ್ತಿತ್ತು. ಈ ಊರಿಗೆ ಮೊದಲೇ ಸಿಗುವ ದೊಡ್ಡ ಜಂಕ್ಷನ್ನಿನಲ್ಲಿ ಇಳಿದು, ಮೇಲ್ಸೇತುವೆ ಹತ್ತಿ, ಬೇರೆ ರೈಲು ಹಿಡಿಯುವ ಶಕ್ತಿ ಅಕ್ಕನಿಗೆ ಇರಲಿಲ್ಲ. ರೈಲು ಹತ್ತಿದರೆ ತಲೆ ಸುತ್ತುವ ತಂಗಿಗೂ ಅಲ್ಲಿಗೆ ಹೋಗಲಾಗುತ್ತಿರಲಿಲ್ಲ. ಹಾಗಾಗಿ ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿ ವರ್ಷಗಳೇ ಕಳೆದಿದ್ದವು.

ಮರುದಿನ ಬೆಳಿಗ್ಗೆ ಹೆಡ್‌ಮಿಸ್ ಗುಮಾಸ್ತರ ಬಾಗಿಲಿಗೆ ಬಂದರು. ನಲ್ಲಿಯಲ್ಲಿ ನೀರು ಬಾರದ ವಿಷಯ ಬಿಟ್ಟು ಬೇರೆ ಯಾವ ಕಾರಣಕ್ಕೂ ಅವರು ಈ ಮನೆಯ ಮೆಟ್ಟಿಲು ಹತ್ತಿದವರಲ್ಲ. ಗುಮಾಸ್ತರು ಅಭ್ಯಾಸಬಲದಿಂದ "ನೋಡ್ತೀವಿ ಮೇಡಂ, ಪೈಪು ಒಡೆದಿದೆ" ಎಂದರು.

"ಪೈಪು ಹಾಳಾಗ್ಲಿ. ಎಕ್ಸ್‌ಪ್ರೆಸ್ ವಿಷಯ ಕೇಳೋಕೆ ಬಂದೆ. ನಿಜವಾಗ್ಲೂ ನಿಲ್ಲುತ್ತಾ?"

ಗುಮಾಸ್ತರ ಕಣ್ಣು ಅರಳಿತು. ತಮ್ಮ ಮಾದರಿ ರೈಲಿನ ಬಗ್ಗೆ ಆಸಕ್ತಿ ವಹಿಸಿದ ಮೊದಲ ಜೀವ! "ನಿಲ್ಲುತ್ತೆ ಮೇಡಂ. ನಿನ್ನೆ ಸಂಜೆಯೇ ನಿಂತಿತ್ತು, ಪರೀಕ್ಷೆಗೆ ಅಂತ."

"ಎಷ್ಟು ಹೊತ್ತು ನಿಲ್ಲುತ್ತೆ?"

"ನಾನು ಎಷ್ಟು ಹೊತ್ತು ಅಂತೀನೋ ಅಷ್ಟು ಹೊತ್ತು."

ಹೆಡ್‌ಮಿಸ್ ಒಂದು ಹೆಜ್ಜೆ ಹಿಂದೆ ಸರಿದು ಗುಮಾಸ್ತರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ವಯಸ್ಸಾದವರು ಇಳೀಬೇಕಾದ್ರೆ?"

ಅಂಗಡಿಯಿಂದ ತಂದ ಪ್ರಯಾಣಿಕರ ಪೊಟ್ಟಣದಲ್ಲಿ ಕೋಲು ಹಿಡಿದ ಮುದುಕಿಯೂ ಇದ್ದದ್ದು ಗುಮಾಸ್ತರಿಗೆ ನೆನಪಾಯಿತು. "ಅದಕ್ಕೇನಂತೆ, ಇಳಿಸೋಣ. ಬೇಕಾದ್ರೆ ಬೆಂಚಿನ ಮೇಲೆ ಕೂರಿಸೋಣ."

"ಇದಕ್ಕೆ ಮೇಲಿನವರ ಒಪ್ಪಿಗೆ?"

"ಮೇಲೆ ನಾನೊಬ್ಬನೇ ಮೇಡಂ. ನನ್ನ ಹೆಂಡತಿ ಕೂಡ ಬರೋದಿಲ್ಲ."

ಹೆಡ್‌ಮಿಸ್ ಕೈ ಮುಗಿದರು. ಅವರು ಇನ್ನೊಬ್ಬರಿಗೆ ಕೈ ಮುಗಿದದ್ದನ್ನು ಆ ಬೀದಿ ಹಿಂದೆ ಕಂಡಿರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ನಿಮ್ಮಂಥ ದೊಡ್ಡವರು ಪಕ್ಕದಲ್ಲೇ ಇದ್ರೂ ಇಷ್ಟು ದಿನ ಗೊತ್ತಾಗಲಿಲ್ಲ ನೋಡಿ" ಎಂದು ಹೇಳಿ ಹೋದರು. 'ಏನ್ರೀ ಗುಮಾಸ್ತರೇ' ಎಂದು ಗದರುತ್ತಿದ್ದ ಬಾಯಿಂದ 'ದೊಡ್ಡವರು' ಎಂಬ ಮಾತು! ಮಾದರಿ ರೈಲಿಗೆ ಇಷ್ಟು ಮರ್ಯಾದೆಯಿದೆ ಎಂದು ತಿಳಿದಿದ್ದರೆ ಗುಮಾಸ್ತರು ಇನ್ನೂ ಚಿಕ್ಕ ವಯಸ್ಸಿನಲ್ಲೇ ಕೊಳ್ಳುತ್ತಿದ್ದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಬೀದಿಯಲ್ಲೂ ಇರುತ್ತಾರೆ. ಈ ಬೀದಿಯಲ್ಲಿ ಸ್ವಲ್ಪ ಹೆಚ್ಚಾಗಿಯೇ ಇದ್ದರು. ಆ ವಾರ ಗುಮಾಸ್ತರು ನಡೆದಲ್ಲೆಲ್ಲ ಜನ ಎದ್ದು ನಿಂತರು. ಕಚೇರಿಯಲ್ಲಿ ಸಾಹೇಬರು ಕರೆದು ಕೈ ಇರುವ ಕುರ್ಚಿ ಕೊಟ್ಟು, "ನಮ್ಮ ಅತ್ತೆಗೆ ಕಿಟಕಿ ಪಕ್ಕದ ಸೀಟು ಅಂದ್ರೆ ಇಷ್ಟ" ಎಂದು ಸುಮ್ಮನೆ ಗೋಡೆ ನೋಡಿದರು. ಇದೇಕೆ ತಮಗೆ ಹೇಳುತ್ತಿದ್ದಾರೆ ಎಂದು ಗುಮಾಸ್ತರಿಗೆ ಹೊಳೆಯಲಿಲ್ಲ. ಹೊಳೆದದ್ದು ಕ್ಷೌರದ ಅಂಗಡಿಯಲ್ಲಿ.

ಗಡ್ಡಕ್ಕೆ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಬಳಿಗೆ ತಂದು, ಕ್ಷೌರಿಕ ಕೇಳಿದ: "ಸಾರ್, ಮಧ್ಯಾಹ್ನದ ಎಕ್ಸ್‌ಪ್ರೆಸ್ಸನ್ನ ಭಾನುವಾರದಿಂದ ಇಲ್ಲಿ ನಿಲ್ಲಿಸ್ತಿರೋದು ನೀವಂತೆ? ನಿಜಾನಾ?"

ಹೆಡ್‌ಮಿಸ್ಸಿನ ಒಂದೊಂದು ಪ್ರಶ್ನೆಯೂ ಬೆನ್ನಟ್ಟಿ ಬಂದು ತನ್ನ ನಿಜವಾದ ಅರ್ಥ ಹೇಳತೊಡಗಿತು. ಇಲ್ಲ ಎಂದು ತಲೆ ಅಲ್ಲಾಡಿಸಬೇಕು. ಆದರೆ ಕತ್ತಿನ ಮೇಲೆ ಕತ್ತಿ ಇರುವಾಗ ತಲೆ ಅಲ್ಲಾಡಿಸುವವನು ಎರಡನೆಯ ಸಲ ಅಲ್ಲಾಡಿಸುವುದಿಲ್ಲ. ಗುಮಾಸ್ತರು "ಹೂಂ" ಎಂದರು. ಬಾಯಿ ತೆರೆಯದೆ ಹೇಳಬಹುದಾದದ್ದು ಅದೊಂದೇ.

"ನೋಡಿದ್ರಾ!" ಎಂದು ಕ್ಷೌರಿಕ ಕತ್ತಿ ಎತ್ತಿ ಹಿಂದಿನ ಬೆಂಚಿನಲ್ಲಿ ಕೂತಿದ್ದ ದರ್ಜಿಗೆ ತೋರಿಸಿದ. "ಅವರ ಬಾಯಿಂದಲೇ ಕೇಳಿ!"

ಕತ್ತಿ ಮೇಲೆ ಹೋದ ಆ ಕ್ಷಣದಲ್ಲಿ ಗುಮಾಸ್ತರು ನಿಜ ಹೇಳಬಹುದಿತ್ತು. ಆದರೆ ದರ್ಜಿ ಎದ್ದು ಬಂದು ಅವರ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಆ ಹಿಡಿತ ಬೆಚ್ಚಗಿತ್ತು. ಗುಮಾಸ್ತರು, "ನೋಡೋಣ, ಎಲ್ಲ ಅಂದುಕೊಂಡ ಹಾಗೆ ಆದ್ರೆ..." ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ದೊಡ್ಡವರ ವಿನಯ ಎಂದು ಇಬ್ಬರೂ ತಲೆದೂಗಿದರು.

ಮನೆಗೆ ಬಂದು ಮಡದಿಗೆ ಹೇಳಿದಾಗ ಆಕೆ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ರೀ, ಈಗಲೇ ಹೋಗಿ ಹೆಡ್‌ಮಿಸ್ ಹತ್ರ ನಿಜ ಹೇಳಿ."

"ಹೇಳ್ತೀನಿ ಕಣೇ. ಹೇಗೆ ಹೇಳೋದು ಅಂತ ಯೋಚಿಸ್ತಿದೀನಿ."

"ಬಾಯಿಂದ ಹೇಳಿ."

ಹೋದರು. ಹೋಗಿ ಬಾಗಿಲಲ್ಲಿ ನಿಂತು, "ಮೇಡಂ, ಆ ಎಕ್ಸ್‌ಪ್ರೆಸ್..." ಎನ್ನುವಷ್ಟರಲ್ಲಿ ಹೆಡ್‌ಮಿಸ್ ಅವರ ಕೈಗೆ ಸುತ್ತಿಗೆ ಕೊಟ್ಟು, "ಒಳ್ಳೆ ಸಮಯಕ್ಕೆ ಬಂದ್ರಿ, ಈ ಮೊಳೆ ಹೊಡೀರಿ" ಎಂದರು. ಮುಂದಿನ ಕೋಣೆಗೆ ಹೊಸ ಪರದೆ. ಗೋಡೆಯ ಪಕ್ಕ ಹೊಸ ಮಂಚ, ಮೊಣಕಾಲಿಗೆ ಅನುಕೂಲವಾಗಲೆಂದು ಕಾಲು ಕೊಯ್ಯಿಸಿ ತಗ್ಗು ಮಾಡಿದ್ದು. ಯಾರಿಗೆ ಎಂದು ಕೇಳುವ ಬುದ್ಧಿ ಗುಮಾಸ್ತರಿಗೆ ಬರಲಿಲ್ಲ. ಮೊಳೆ ಹೊಡೆದರು; ಮೊಳೆಯ ಜೊತೆ ಹೆಬ್ಬೆರಳಿಗೂ ಹೊಡೆದುಕೊಂಡರು; ಹೆಡ್‌ಮಿಸ್ ಅದಕ್ಕೆ ಪಟ್ಟಿ ಕಟ್ಟಿ ಬಿಸ್ಕತ್ತು ಕೊಟ್ಟರು. ಬಾಯಲ್ಲಿ ಬಿಸ್ಕತ್ತು ಇರುವಾಗ ಅಂಥ ಮಾತು ಆಡಲಾಗುವುದಿಲ್ಲ. ಭಾನುವಾರ ಬೆಳಿಗ್ಗೆ ಹೇಳಿದರಾಯಿತು, ರೈಲು ಬರುವುದು ಮಧ್ಯಾಹ್ನ ತಾನೇ, ಎಂದು ಲೆಕ್ಕ ಹಾಕಿ ಮರಳಿದರು.

ಆ ರಾತ್ರಿಯಿಂದ ಇಂಜಿನ್ನಿನ ಬಿಕ್ಕಳಿಕೆಯೂ ಮರಳಿತು. ಗುಮಾಸ್ತರು ಭಾನುವಾರವನ್ನು ಮರೆಯಲು ಡಿಕೋಡರಿನ ಸಂಖ್ಯೆಗಳನ್ನು ಹಿಡಿದರು. ಹೊರಡುವುದು ಮೆಲ್ಲಗಾಗಲಿ ಎಂದು ಒಂದು ಸಂಖ್ಯೆ ಏರಿಸಿದರು, ನಿಲ್ಲುವುದು ಇನ್ನೂ ಮೆಲ್ಲಗಾಗಲಿ ಎಂದು ಇನ್ನೊಂದನ್ನು ಮೇಲಿನ ತುದಿಗೇ ಒಯ್ದರು. ಇಂಜಿನ್ ಬಿಕ್ಕುತ್ತಲೇ ಇತ್ತು.

ಭಾನುವಾರ ಹನ್ನೆರಡರ ಹೊತ್ತಿಗೆ ಧೈರ್ಯ ಒಟ್ಟುಗೂಡಿಸಿಕೊಂಡು ಪಕ್ಕದ ಮನೆಗೆ ಹೋದರೆ ಬೀಗ. ಎದುರು ಮನೆಯ ದರ್ಜಿ ತನ್ನ ಅಂಗಡಿಯ ಕೈಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊರಟಿದ್ದ.

"ಹೆಡ್‌ಮಿಸ್ ಎಲ್ಲಿ?"

"ಆಗಲೇ ಸ್ಟೇಷನ್ನಿಗೆ ಹೋದ್ರಲ್ಲ ಸಾರ್! ಅವರಕ್ಕ ಬರ್ತಿದಾರೆ. ಇಳಿದ ತಕ್ಷಣ ಕೂರೋಕೆ ಇರ್ಲಿ ಅಂತ ಈ ಕುರ್ಚಿ."

"ಯಾ... ಯಾವುದರಲ್ಲಿ ಬರ್ತಿದಾರೆ?"

ದರ್ಜಿ ಕುರ್ಚಿಯ ಕೆಳಗಿನಿಂದ ನಕ್ಕ. "ನಿಮ್ಮ ಎಕ್ಸ್‌ಪ್ರೆಸ್ಸಲ್ಲೇ. ಹತ್ತಿದೀನಿ ಅಂತ ಅಲ್ಲಿಂದ ಫೋನೂ ಬಂತು."

ಕಣ್ಣು ಕಾಣದ, ಕಾಲು ನಡೆಯದ ಒಬ್ಬ ಮುದುಕಿ, ಜೊತೆಗೆ ಯಾರೂ ಇಲ್ಲದೆ, ನಿಲ್ಲದ ರೈಲಿನಲ್ಲಿ. ಇಲ್ಲಿ ತಪ್ಪಿದರೆ ಮುಂದಿನ ನಿಲ್ದಾಣ ಎಲ್ಲೋ ಸಮುದ್ರದ ತುದಿಯಲ್ಲಿ. ಅಕಸ್ಮಾತ್ ಇಳಿಯುವ ಊರು ಬಂತೆಂದು ಓಡುವ ರೈಲಿನ ಬಾಗಿಲಿಗೆ ಬಂದು ನಿಂತರೆ? ಮುಂದೆ ಯೋಚಿಸಲು ಅವರ ತಲೆ ಒಪ್ಪಲಿಲ್ಲ. ಗುಮಾಸ್ತರು ಓಡಿದರು. ಕಾಲಲ್ಲಿ ಮನೆಯ ಚಪ್ಪಲಿ, ಕೈಯಲ್ಲಿ ಕೆಳಗಿಡಲು ಮರೆತ ಕಂಟ್ರೋಲರು. ಹಿಂದಿನಿಂದ ಕುರ್ಚಿ ಹೊತ್ತ ದರ್ಜಿ, "ಅವಸರ ಬೇಡ ಸಾರ್, ನೀವು ಹೋಗೋ ತನಕ ರೈಲು ಬಿಡ್ತಾರಾ!" ಎಂದು ಕೂಗುತ್ತಿದ್ದ.

ಸ್ಟೇಷನ್ ಮಾಸ್ಟರರ ಕೋಣೆಗೆ ಗುಮಾಸ್ತರು ಬಾಗಿಲ ಸಮೇತ ಎಂಬಂತೆ ನುಗ್ಗಿದರು.

"ಸಾರ್, ಎಕ್ಸ್‌ಪ್ರೆಸ್ ನಿಲ್ಲಿಸಬೇಕು!"

ಸ್ಟೇಷನ್ ಮಾಸ್ಟರರು ತಲೆ ಎತ್ತಿದರು. "ಯಾಕೆ?"

"ನಿಲ್ಲುತ್ತೆ ಅಂತ ನಾನು ಹೇಳಿಬಿಟ್ಟಿದೀನಿ."

"ನೀವು ಯಾರು?"

"ನೀರಿನ ಆಫೀಸು ಸಾರ್. ದೂರು ವಿಭಾಗ."

ಸ್ಟೇಷನ್ ಮಾಸ್ಟರರ ಮುಖದ ಮೇಲೆ ಏನೋ ಒಂದು ನಿಧಾನವಾಗಿ ಬೆಳಗಿತು. "ಓಹೋ. ನಮ್ಮ ಕ್ವಾರ್ಟರ್ಸಿಗೆ ನೀರು ಬರ್ತಿಲ್ಲ ಅಂತ ನಿಮ್ಮ ಹತ್ರ ಎಷ್ಟು ಸಲ ಬಂದಿದ್ದೆ, ನೆನಪಿದೆಯಾ?"

ಗುಮಾಸ್ತರಿಗೆ ನೆನಪಿತ್ತು.

"ಏನಂದಿದ್ರಿ?"

"ನೋಡ್ತೀವಿ ಅಂದಿದ್ದೆ ಸಾರ್."

"ನಾವೂ ನೋಡ್ತೀವಿ. ಅರ್ಜಿ ಕೊಟ್ಟು ಹೋಗಿ."

"ಸಾರ್, ಅದರಲ್ಲಿ ಕಣ್ಣು ಕಾಣದ ಅಜ್ಜಿ ಇದಾರೆ! ಇಲ್ಲಿ ಇಳೀಬೇಕು ಅಂತ ಹತ್ತಿದಾರೆ! ಬಾಗಿಲಿಗೆ ಬಂದು ನಿಂತುಬಿಟ್ರೆ..."

ಈಗ ಸ್ಟೇಷನ್ ಮಾಸ್ಟರರು ಎದ್ದು ನಿಂತರು. ಹಗೆ ಮುಖದಿಂದ ಇಳಿದುಹೋಯಿತು. ಫೋನಿಗೆ ಕೈ ಹಾಕಿದರು, ಕಿಟಕಿಯಿಂದಾಚೆ ನೋಡಿದರು, ಫೋನು ಕೆಳಗಿಟ್ಟರು. "ಸಿಗ್ನಲ್ ಕೊಟ್ಟಾಗಿದೆ. ಸೇತುವೆ ದಾಟಿದೆ. ಈಗ ದೇವರೇ ಹೇಳಿದ್ರೂ ನಿಲ್ಲಲ್ಲ."

ದೂರದಿಂದ ಹಾರ್ನ್ ಕೇಳಿತು.

ಪ್ಲಾಟ್‌ಫಾರಂ ಮೇಲೆ ಅರ್ಧ ಬೀದಿಯೇ ನೆರೆದಿತ್ತು. ಕ್ಷೌರಿಕ ಅಂಗಡಿ ಮುಚ್ಚಿ ಬಂದಿದ್ದ. ಕುರ್ಚಿಯನ್ನು ಅಂಚಿಗೆ ಸರಿಯಾಗಿ ಇಟ್ಟಾಗಿತ್ತು. ಹೆಡ್‌ಮಿಸ್ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಎಲ್ಲರಿಗಿಂತ ಮುಂದೆ, ಅಂಚಿನ ಹಳದಿ ಗೆರೆಯ ಆಚೆಗೇ ನಿಂತಿದ್ದರು. ಹಳಿ ಸಣ್ಣಗೆ ಗುಂಯ್‌ಗುಡತೊಡಗಿತು. ಜನ ಇನ್ನಷ್ಟು ಮುಂದೆ ನುಗ್ಗಿದರು.

ಗುಮಾಸ್ತರು ಆಗ ಕೂಗಿದ ಕೂಗು ಅವರಿಗೇ ಅಪರಿಚಿತವಾಗಿತ್ತು.

"ಹಿಂದೆ ಸರೀರಿ! ಎಲ್ಲಾರೂ ಹಿಂದೆ! ಇದು ನಿಲ್ಲಲ್ಲ! ನಾನು ನಿಲ್ಲಿಸಿದ್ದು ಆಟದ ರೈಲು! ಮನೇಲಿ, ಮೇಜಿನ ಮೇಲೆ! ಹಿಂದೆ ಸರೀರಿ!"

ಹುಟ್ಟಿದಾರಭ್ಯ ಮೊದಲ ಬಾರಿಗೆ ಜನ ಅವರ ಮಾತು ಕೇಳಿದರು. ಕೇಳಿದರಷ್ಟೇ ಅಲ್ಲ, ಹಾರಿ ಹಿಂದೆ ಬಿದ್ದರು. ದರ್ಜಿ ಕುರ್ಚಿಯನ್ನು ಎಳೆದ. ಗುಮಾಸ್ತರು ಹೆಡ್‌ಮಿಸ್ಸಿನ ತೋಳು ಹಿಡಿದು ಎಳೆದರು. ಎಳೆದ ಕ್ಷಣಕ್ಕೇ ಎಕ್ಸ್‌ಪ್ರೆಸ್ ಗಾಳಿಯ ಗೋಡೆಯಂತೆ ಬಂದು ಬಡಿಯಿತು. ಬೋಗಿ, ಬೋಗಿ, ಬೋಗಿ. ಮಸುಕು ಮಸುಕಾದ ಕಿಟಕಿಗಳು. ಒಂದು ಕಿಟಕಿಯಲ್ಲಿ, ಚೀಲವನ್ನು ಎದೆಗೆ ಒತ್ತಿ ಹಿಡಿದ ಬಿಳಿ ತಲೆಯೊಂದು ಸರ್ರನೆ ಸಾಗಿತು.

"ಅಕ್ಕಾ!" ಎಂದರು ಹೆಡ್‌ಮಿಸ್. ಕೂಗಿದ್ದಲ್ಲ, ಹೇಳಿದ್ದು. ಆಮೇಲೆ ಗುಮಾಸ್ತರ ಕಡೆ ತಿರುಗಿದರು. ಬೈಯುತ್ತಾರೆ ಎಂದು ಗುಮಾಸ್ತರು ಕಾದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಹೆಡ್‌ಮಿಸ್ ದರ್ಜಿಯ ಕುರ್ಚಿಯಲ್ಲಿ ಕುಸಿದು ಕೂತರು. ಗುಮಾಸ್ತರಿಗೆ ಪ್ಲಾಟ್‌ಫಾರಂ ಬಿರಿದು ತಮ್ಮನ್ನು ನುಂಗಬಾರದೇ ಎನ್ನಿಸಿತು. ಕೊನೆಯ ಬೋಗಿಯೂ ದಾಟಿತು.

ಆಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ, ಹಲ್ಲು ಜುಂ ಎನ್ನಿಸುವ ಸದ್ದು ಎದ್ದಿತು. ಎಕ್ಸ್‌ಪ್ರೆಸ್ ಕಿರುಚಿತು, ಏದುಸಿರು ಬಿಟ್ಟಿತು, ಪ್ಲಾಟ್‌ಫಾರಮ್ಮಿನಿಂದ ಆಚೆ ಹುಲ್ಲು ಬಯಲಿನ ಪಕ್ಕದಲ್ಲಿ ನಿಂತೇ ನಿಂತಿತು.

ಎಲ್ಲರೂ ಗುಮಾಸ್ತರ ಕೈ ನೋಡಿದರು. ಕೈಯಲ್ಲಿ ಕಂಟ್ರೋಲರು ಇತ್ತು. ಭಯದಲ್ಲಿ ಅದರ ಗುಂಡಿಯನ್ನು ಅವರು ಹಿಂಡಿ ಹಿಡಿದಿದ್ದರು.

"ಸುಳ್ಳು ಯಾಕೆ ಹೇಳ್ತೀರಿ ಸಾರ್, ಆಟದ ರೈಲಂತೆ!" ಎಂದ ಕ್ಷೌರಿಕ, ಭಕ್ತಿಯಿಂದ.

"ನಾನಲ್ಲ! ಆಣೆಗೂ ನಾನಲ್ಲ!" ಎಂದು ಗುಮಾಸ್ತರು ಕಂಟ್ರೋಲರನ್ನು ಕದ್ದ ಮಾಲಿನಂತೆ ಜೇಬಿಗೆ ಹಾಕಿಕೊಂಡು ಓಡಿದರು. ಅವರ ಹಿಂದೆ ಹೆಡ್‌ಮಿಸ್, ಅವರ ಹಿಂದೆ ಸ್ಟೇಷನ್ ಮಾಸ್ಟರರು, ಎಲ್ಲರ ಹಿಂದೆ ಕುರ್ಚಿ.

ರೈಲಿನಿಂದ ಇಬ್ಬರು ಪ್ರಯಾಣಿಕರು ಎತ್ತಿ ಇಳಿಸುತ್ತಿದ್ದ ಅಜ್ಜಿ, ನೆಲಕ್ಕೆ ಕಾಲು ತಾಗಿದೊಡನೆ ಎರಡೂ ಕಡೆಯವರಿಗೆ ಆಶೀರ್ವಾದ ಮಾಡುತ್ತಿದ್ದರು. ಗಾರ್ಡ್ ಕೆಂಪಗಾಗಿದ್ದ. "ಚೈನ್ ಎಳೆದಿದ್ದು ಯಾರು? ಯಾರ್ರೀ ಎಳೆದಿದ್ದು?"

"ನಾನೇ ಕಣಪ್ಪಾ," ಎಂದರು ಅಜ್ಜಿ. "ನಿಲ್ಲಬೇಕಾದ ಊರು ಬಂತು ಅಂತ ಪಕ್ಕದವರು ಹೇಳಿದ್ರು, ಆದ್ರೆ ನಿಲ್ಲಲಿಲ್ಲ. ಡ್ರೈವರಿಗೆ ಮರೆತುಹೋಗಿರ್ಬೇಕು, ಪಾಪ, ಹೊಸ ನಿಲ್ದಾಣ ನೋಡು. ನೆನಪು ಮಾಡಿದೆ. ಪುಟ್ಟೀ, ಎಲ್ಲಿದೀಯೇ?"

ಇಡೀ ಬೀದಿಯನ್ನು ನಡುಗಿಸುವ ಹೆಡ್‌ಮಿಸ್ "ಇಲ್ಲಿದೀನಿ ಅಕ್ಕಾ" ಎಂದು ಪುಟ್ಟ ಹುಡುಗಿಯಂತೆ ಹುಲ್ಲಿನಲ್ಲಿ ಓಡಿ ಹೋಗಿ ಅಕ್ಕನ ಕುತ್ತಿಗೆಗೆ ಬಿದ್ದರು. ಕ್ಷೌರಿಕ, ದರ್ಜಿ ಇಬ್ಬರೂ ಬೇರೆ ಕಡೆ ನೋಡಿದರು. ಹೆಡ್‌ಮಿಸ್ ಅಳುವುದನ್ನು ಕಂಡಿದ್ದಕ್ಕೆ ಮುಂದೆ ಏನು ಶಿಕ್ಷೆ ಬೀಳುವುದೋ ಎಂಬ ಹೆದರಿಕೆ.

ರೈಲು ಹೊರಟುಹೋಯಿತು, ವಿಚಾರಣೆ ಉಳಿಯಿತು. ಕಾರಣವಿಲ್ಲದೆ ಚೈನ್ ಎಳೆಯುವುದು ಅಪರಾಧ. "ಇವರಿಗೆ ವಯಸ್ಸಾಗಿದೆ, ಬಿಡಬಹುದು," ಎಂದರು ಸ್ಟೇಷನ್ ಮಾಸ್ಟರರು. "ಗಾಬರಿಯಲ್ಲಿ ಎಳೆದ್ರು ಅಂತ ಬರೀತೀನಿ."

"ಗಾಬರಿ ಏನೂ ಇರ್ಲಿಲ್ಲ," ಎಂದರು ಅಜ್ಜಿ. "ಹತ್ತಿದ ತಕ್ಷಣ ಚೈನ್ ಎಲ್ಲಿದೆ ಅಂತ ಪಕ್ಕದವರನ್ನ ಕೇಳಿ ಇಟ್ಕೊಂಡಿದ್ದೆ."

"ಅಜ್ಜೀ, ನೀವು ಸ್ವಲ್ಪ ಸುಮ್ನಿರಿ. ನಿಮ್ಮನ್ನ ಉಳಿಸ್ತಿದೀನಿ." ಸ್ಟೇಷನ್ ಮಾಸ್ಟರರು ಗುಮಾಸ್ತರ ಕಡೆ ತಿರುಗಿದರು. "ಆದ್ರೆ ಇವರು? ರೈಲ್ವೆ ಅಧಿಕಾರಿ ಅಂತ ಹೇಳ್ಕೊಂಡು ಊರನ್ನೇ ಹಳಿ ಪಕ್ಕಕ್ಕೆ ತಂದು ನಿಲ್ಲಿಸಿದಾರೆ. ಇದನ್ನ ಮುಚ್ಚಿಡೋ ಹಾಗಿಲ್ಲ. ಪೊಲೀಸರಿಗೆ ಹೇಳ್ಬೇಕಾಗುತ್ತೆ."

ಅಷ್ಟರಲ್ಲಿ ಸುದ್ದಿ ಕೇಳಿ ಓಡಿಬಂದಿದ್ದ ಮಡದಿ ಮುಂದೆ ಬಂದಳು. "ಸಾರ್, ಇವರು ಅಧಿಕಾರಿ ಅಂತ ಹೇಳಿಲ್ಲ. ಹಾಗೆ ಹೇಳೋ ಧೈರ್ಯ ಇವರಿಗಿಲ್ಲ. ಮನೇಲಿ ಒಂದು ರೈಲಿದೆ. ನಿಮ್ಮ ಪಾಳಿ ಮುಗಿದ ಮೇಲೆ ಬಂದು ಕಣ್ಣಾರೆ ನೋಡಿ, ಆಮೇಲೆ ಯಾರನ್ನ ಬೇಕಾದ್ರೂ ಕರೀರಿ."

ಹೀಗೆ ಆ ಸಂಜೆ ಮಹಡಿಯ ಕೋಣೆ ತುಂಬಿತು. ಸ್ಟೇಷನ್ ಮಾಸ್ಟರರು ಮೇಜಿನ ತುದಿಯಲ್ಲಿ ನ್ಯಾಯಾಧೀಶರಂತೆ ನಿಂತರು. ಅಜ್ಜಿ ಹಟ ಮಾಡಿ ಮೆಟ್ಟಿಲು ಹತ್ತಿ ಬಂದಿದ್ದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲಿ ಹೆಡ್‌ಮಿಸ್ ಕೈಕಟ್ಟಿ ನಿಂತರು. ಗುಮಾಸ್ತರೊಡನೆ ಅವರು ಇನ್ನೂ ಮಾತಾಡಿರಲಿಲ್ಲ. ಬಾಗಿಲಲ್ಲಿ ಕ್ಷೌರಿಕ, ದರ್ಜಿ.

"ಓಡಿಸಿ," ಎಂದರು ಸ್ಟೇಷನ್ ಮಾಸ್ಟರರು.

ಗುಮಾಸ್ತರು ಗುಂಡಿ ತಿರುಗಿಸಿದರು. ಇಂಜಿನ್ ಹೊರಟಿತು, ಸೇತುವೆ ದಾಟಿತು, ಗಕ್ಕೆಂದು ನಿಂತಿತು. ಹಾರಿತು. ಮತ್ತೆ ಒಂದು ಸುತ್ತು ಬಂದು ಗಕ್ಕೆಂದಿತು.

"ಇದು ಓಡೋದೇ ಇಲ್ವಲ್ರೀ," ಎಂದರು ಸ್ಟೇಷನ್ ಮಾಸ್ಟರರು ಅನುಮಾನದಿಂದ. "ಇದನ್ನ ನಂಬ್ಕೊಂಡು ಎಕ್ಸ್‌ಪ್ರೆಸ್ ನಿಲ್ಲುತ್ತೆ ಅಂದ್ರಾ? ಇದು ತೋರಿಕೆಗೆ ಇಟ್ಟ ಹಾಗಿದೆ."

"ಇಲ್ಲ ಸಾರ್, ಡಿಕೋಡರ್ ತೊಂದರೆ ಸಾರ್. ಸಂಖ್ಯೆ ಸ್ವಲ್ಪ ಬದಲಾಯಿಸಿದ್ರೆ..." ಬೆವರು ಕಣ್ಣಿಗೆ ಇಳಿಯುತ್ತಿತ್ತು. ಬದಲಾಯಿಸಿದರು. ಗಕ್. ಮತ್ತೆ ಬದಲಾಯಿಸಿದರು. ಗಕ್. ದರ್ಜಿ ನಾಲಿಗೆ ಲೊಚಗುಟ್ಟಿದ. ಮಡದಿ ಕಣ್ಣು ಮುಚ್ಚಿಕೊಂಡಳು.

ಕಣ್ಣು ಕಾಣದ ಅಜ್ಜಿ ಕಿವಿ ಓರೆ ಮಾಡಿ ಕೂತಿದ್ದರು. "ಇದು ಪ್ರತಿ ಸಲಾನೂ ಒಂದೇ ಜಾಗದಲ್ಲಿ ಎಡವ್ತಿದೆಯಲ್ಲ?" ಎಂದರು. "ನನ್ನ ಎಡಗೈ ಪಕ್ಕ ಬಂದಾಗ. ಅಲ್ಲೇನಾದ್ರೂ ಹೊಸ್ತಿಲು ಇದೆಯಾ?"

ಗುಮಾಸ್ತರು ಸೇತುವೆಯ ಆಚೆ ಬಾಗಿ ನೋಡಿದರು. ಎರಡು ಹಳಿ ಕೂಡುವ ಕಡೆ ಕೊಂಡಿ ಸಡಿಲವಾಗಿತ್ತು, ಬೆರಳಿಟ್ಟರೆ ಅಲುಗಾಡಿತು. ಕರೆಂಟು ಅಲ್ಲಿ ಕ್ಷಣ ತಪ್ಪುತ್ತಿತ್ತು, ಡಿಕೋಡರಿಗೆ ಅಲ್ಲಿ ಕಿವಿ ಮುಚ್ಚಿದಂತಾಗುತ್ತಿತ್ತು. ಅದೊಂದೇ. ಇಷ್ಟು ಕಾಲ ಅವರು ಇಂಜಿನ್ನಿನ ಹೊಟ್ಟೆಗೆ ಔಷಧ ಕೊಡುತ್ತಿದ್ದರು, ಮುರಿದದ್ದು ದಾರಿ. ಇಕ್ಕಳ ತಂದು ಕೊಂಡಿಯನ್ನು ಬಿಗಿಯಾಗಿ ಒತ್ತಿದರು.

ಇಂಜಿನ್ ಹೊರಟಿತು. ಬೆಣ್ಣೆಯ ಮೇಲೆ ಬೆರಳಾಡಿಸಿದ ಹಾಗೆ ಸೇತುವೆ ಏರಿತು, ದಾಟಿತು, ಸುರಂಗದೊಳಗೆ ಹೋಗಿ ಇನ್ನೊಂದು ಬದಿಯಲ್ಲಿ ದೀಪ ಬೆಳಗಿಸಿಕೊಂಡು ಹೊರಬಂತು. ಬಾಗಿಲಲ್ಲಿದ್ದವರು ತಮಗರಿವಿಲ್ಲದೆ ಒಳಗೆ ಬಂದರು. ಸ್ಟೇಷನ್ ಮಾಸ್ಟರರು ಟೋಪಿ ತೆಗೆದರು.

"ಈಗ ಸ್ಟೇಷನ್ನಲ್ಲಿ ನಿಲ್ಲಿಸ್ತೀನಿ ನೋಡಿ," ಎಂದು ಗುಮಾಸ್ತರು ಗುಂಡಿಯನ್ನು ಸೊನ್ನೆಗೆ ತಿರುಗಿಸಿದರು.

ರೈಲು ಗಾಂಭೀರ್ಯದಿಂದ ಸ್ಟೇಷನ್ನಿಗೆ ಬಂತು. ಅಷ್ಟೇ ಗಾಂಭೀರ್ಯದಿಂದ ದಾಟಿತು. ಕೋಲು ಹಿಡಿದ ಪುಟ್ಟ ಮುದುಕಿಯನ್ನು, ಬೆಂಚನ್ನು ಹಿಂದೆ ಬಿಟ್ಟು ಮತ್ತೆ ಸೇತುವೆಯ ಕಡೆಗೆ ಹೋಯಿತು.

ಹೆಡ್‌ಮಿಸ್ ಗುಮಾಸ್ತರೊಡನೆ ಅಂದಿನ ಮೊದಲ ಮಾತು ಆಡಿದರು. "ಇಲ್ಲೂ ನಿಲ್ಲಲ್ವಾ?"

ಮೊದಲು ನಕ್ಕವರು ಸ್ಟೇಷನ್ ಮಾಸ್ಟರರು. ಮೇಜಿಗೆ ಕೈಯೂರಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ದರ್ಜಿ, ಕ್ಷೌರಿಕ, ಮಡದಿ. ಹೆಡ್‌ಮಿಸ್ ನಗಲಿಲ್ಲ, ಆದರೆ ತುಟಿ ಕಚ್ಚಿ ಕಿಟಕಿಯ ಕಡೆ ತಿರುಗಿದರು. "ಹೋಗ್ಲಿ ಬಿಡಿ," ಎಂದರು ಸ್ಟೇಷನ್ ಮಾಸ್ಟರರು ಕಣ್ಣು ಒರೆಸಿಕೊಂಡು. "ತನ್ನ ರೈಲನ್ನೇ ನಿಲ್ಲಿಸೋಕಾಗದವರ ಮೇಲೆ ಎಕ್ಸ್‌ಪ್ರೆಸ್ ನಿಲ್ಲಿಸಿದ್ರು ಅಂತ ದೂರು ಬರೆದ್ರೆ ನನ್ನನ್ನೇ ವಿಚಾರಿಸ್ತಾರೆ. ಏನ್ರೀ, ಬ್ರೇಕಿಗೆ ಎಷ್ಟು ಕೊಟ್ಟಿದೀರಿ?"

"ಮೆಲ್ಲಗೆ ನಿಲ್ಲಲಿ ಅಂತ... ತುದಿಗೇ ಇಟ್ಟಿದೀನಿ ಸಾರ್."

"ಇಳಿಸಿ. ನಾನು ಇಲ್ಲಿಂದ ಕೈ ತೋರಿಸ್ತೀನಿ, ಆಗ ಸೊನ್ನೆಗೆ ತಿರುಗಿಸಿ."

ಗುಮಾಸ್ತರು ಸಂಖ್ಯೆ ಇಳಿಸಿದರು. ಎರಡನೆಯ ಸಲ ರೈಲು ಅರ್ಧ ಪ್ಲಾಟ್‌ಫಾರಂ ಮೀರಿ ನಿಂತಿತು. ಮತ್ತಷ್ಟು ಇಳಿಸಿದರು. ರೈಲು ಸುರಂಗದ ಬಾಯಿಗೆ ಬಂದಾಗ ಸ್ಟೇಷನ್ ಮಾಸ್ಟರರು ಕೈ ಎತ್ತಿದರು, ಗುಂಡಿ ತಿರುಗಿತು, ರೈಲು ವೇಗ ಬಿಟ್ಟುಕೊಡುತ್ತ, ಬಿಟ್ಟುಕೊಡುತ್ತ, ಒಂದಿಷ್ಟೂ ಜಗ್ಗದೆ, ಬೆಂಚಿನ ಎದುರಿಗೆ ಸರಿಯಾಗಿ ಬಾಗಿಲು ತಂದು ನಿಂತಿತು.

ಅಜ್ಜಿ ಆ ನಿಲುಗಡೆಯನ್ನು ಕೊನೆಯವರೆಗೂ ಕೇಳಿಸಿಕೊಂಡರು.

"ಹಾಂ. ನಿಲ್ಲೋದು ಅಂದ್ರೆ ಹೀಗೆ," ಎಂದು ಕೋಲು ಊರಿ ಎದ್ದರು. "ಪುಟ್ಟೀ, ಕೈ ಹಿಡಿ. ಇಳೀತೀನಿ."

ಹೆಡ್‌ಮಿಸ್ ಅಕ್ಕನ ಬಲಗೈ ಹಿಡಿದು ಮೆಟ್ಟಿಲವರೆಗೆ ಹೋಗಿ ನಿಂತರು. ಮೆಟ್ಟಿಲು ಕಡಿದಾಗಿತ್ತು. ತಿರುಗಿ ನೋಡಿದರು.

"ಏನ್ರೀ ಗುಮಾಸ್ತರೇ, ಸುಮ್ನೆ ನಿಂತು ಏನ್ ನೋಡ್ತಿದೀರಿ? ಬನ್ನಿ, ಆ ಕೈ ಹಿಡೀರಿ."

ಗುಮಾಸ್ತರು ಕಂಟ್ರೋಲರನ್ನು ಸ್ಟೇಷನ್ ಮಾಸ್ಟರರ ಕೈಗೆ ಕೊಟ್ಟು ಓಡಿ ಬಂದರು. ಮೂವರೂ ಒಂದೊಂದೇ ಮೆಟ್ಟಿಲು, ಮೆಲ್ಲಗೆ, ಎಲ್ಲೂ ಜಗ್ಗದೆ ಇಳಿದರು.